ಒಗೆದ ಮೇಲೆ ಬಟ್ಟೆ ಎಲ್ಲಿಗೆ ಹೋಗುತ್ತದೆ?

ನಮ್ಮ ಆಸ್ಪತ್ರೆಗಳಲ್ಲಿ ಸಮವಸ್ತ್ರದ ಮಾತು ಬಂದರೆ ಅದು ಶಿಸ್ತಿನ ಮಾತಾಗಿರುತ್ತದೆ. ಇಸ್ತ್ರಿ ಇದೆಯೇ, ಬ್ಯಾಡ್ಜ್ ಇದೆಯೇ, ಯಾರಿಗೆ ಯಾವ ಬಣ್ಣ ಎಂಬಲ್ಲಿಗೆ ಮುಗಿಯುತ್ತದೆ. ಆ ಬಟ್ಟೆಯನ್ನು ಎಲ್ಲಿ ಒಗೆದರು, ರಾತ್ರಿ ಎಲ್ಲಿಟ್ಟಿದ್ದರು, ಬೆಳಿಗ್ಗೆ ಎಷ್ಟು ಕೈ ದಾಟಿ ಬಂತು ಎಂದು ಕೇಳುವವರು ಕಡಿಮೆ. ಆಪರೇಷನ್ ಥಿಯೇಟರ್ ಮತ್ತು ಐಸಿಯು ಬಿಟ್ಟರೆ ಸಮವಸ್ತ್ರ ಬಹುತೇಕ ಸಿಬ್ಬಂದಿಯ ಮನೆಯ ಬಾಬತ್ತು. ಕೇಂದ್ರ ಸರ್ಕಾರದ ನರ್ಸ್‌ಗಳಿಗೆ ಏಳನೇ ವೇತನ ಆಯೋಗದ ನಂತರ 2017ರಲ್ಲಿ ತಿಂಗಳಿಗೆ 1,800 ರೂಪಾಯಿ ಉಡುಪು ಭತ್ಯೆ ನಿಗದಿಯಾಯಿತು. ಒಗೆಯುವ ಖರ್ಚೂ ಅದರಲ್ಲೇ ಸೇರಿತು. ದುಡ್ಡು ಕೊಟ್ಟಾಯಿತು, ಇನ್ನು ನಮ್ಮ ಹೊಣೆಯಿಲ್ಲ ಎನ್ನುವ ಈ ಪದ್ಧತಿಯನ್ನು ಒಮ್ಮೆ ಒರೆಗೆ ಹಚ್ಚಬೇಕಿದೆ.

ಅಪಾಯವನ್ನು ಹಿಗ್ಗಿಸಿ ಹೇಳಬೇಕಾಗಿಲ್ಲ. ಜೆರುಸಲೇಮಿನ ಆಸ್ಪತ್ರೆಯೊಂದರ ವೈದ್ಯರು ಮತ್ತು ನರ್ಸ್‌ಗಳ ಉಡುಪನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 60ಕ್ಕೂ ಹೆಚ್ಚು ಮಂದಿಯ ಬಟ್ಟೆಯಲ್ಲಿ ರೋಗ ತರಬಲ್ಲ ಬ್ಯಾಕ್ಟೀರಿಯಾ ಸಿಕ್ಕಿದ್ದವು. ಆಸ್ಪತ್ರೆಯಲ್ಲಿ ಬಳಸುವ ಬಟ್ಟೆ, ಪ್ಲಾಸ್ಟಿಕ್ಕುಗಳ ಮೇಲೆ ಕೆಲವು ಬ್ಯಾಕ್ಟೀರಿಯಾಗಳು 90 ದಿನ ದಾಟಿಯೂ ಬದುಕಿರುವುದನ್ನು 2000ದ ಅಮೆರಿಕದ ಅಧ್ಯಯನ ತೋರಿಸಿತ್ತು. ಆದರೆ ಬಟ್ಟೆಯಿಂದಲೇ ರೋಗಿಗೆ ಸೋಂಕು ತಗುಲಿತು ಎನ್ನಲು ನೇರ ಪುರಾವೆ ತೀರಾ ಕಡಿಮೆ. ಸೋಂಕು ಹರಡುವುದರಲ್ಲಿ ಕೈಯದೇ ಮೊದಲ ಪಾತ್ರ. ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ ಸಂಘ 2014ರ ಮಾರ್ಗದರ್ಶಿಯಲ್ಲಿ ಪುರಾವೆಯ ಈ ಕೊರತೆಯನ್ನು ಒಪ್ಪಿಕೊಂಡೇ ಕೆಲವು ಸಲಹೆ ಕೊಟ್ಟಿತು: ಏಪ್ರನ್ ಧರಿಸುವವರ ಬಳಿ ಕನಿಷ್ಠ ಎರಡಿರಲಿ, ಆಸ್ಪತ್ರೆಯೇ ಪುಕ್ಕಟೆಯಾಗಿ ಅಥವಾ ಕಡಿಮೆ ಖರ್ಚಿನಲ್ಲಿ ಒಗೆಸಿಕೊಡಲಿ, ರೋಗಿಯನ್ನು ಮುಟ್ಟುವ ಮೊದಲು ಕಳಚಿ ತೂಗುಹಾಕಲು ಗೋಡೆಗೆ ಕೊಕ್ಕೆ ಹಾಕಿಸಲಿ. ಇವು ಯಾವ ಬಡ ಆಸ್ಪತ್ರೆಗೂ ಕೈಗೆಟುಕದ ಸಲಹೆಗಳಲ್ಲ.

ನಮ್ಮಲ್ಲಿ ಚರ್ಚೆ ಮಾತ್ರ ಬೇರೆ ದಾರಿ ಹಿಡಿಯಿತು. ಮಂಗಳೂರಿನ ಯುವವೈದ್ಯ ಎಡ್ಮಂಡ್ ಫರ್ನಾಂಡಿಸ್ 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ, ಭಾರತದ ವೈದ್ಯರು ಬಿಳಿ ಏಪ್ರನ್ ಬಿಡಬೇಕು ಎಂದು ವಾದಿಸಿತು. ಏಪ್ರನ್ ತೊಟ್ಟೇ ಕ್ಯಾಂಟೀನಿಗೂ ಬಸ್ಸಿಗೂ ಹೋಗುವುದನ್ನು ಕಂಡವರಿಗೆ ಆ ವಾದದ ಬಿಸಿ ಅರ್ಥವಾಗುತ್ತದೆ. ಆದರೆ ಏಪ್ರನ್ ಬಿಟ್ಟ ಮಾತ್ರಕ್ಕೆ ಅಂಗಿ ಶುಚಿಯಾಗುವುದಿಲ್ಲ. ಯಾವ ಬಟ್ಟೆ ತೊಟ್ಟರೂ ಅದನ್ನು ಒಗೆದು, ಕಾದಿಟ್ಟು, ಕೈಗೆ ಕೊಡುವವರು ಯಾರು ಎಂಬುದು ಇತ್ಯರ್ಥವಾಗಬೇಕು.

ಒಗೆಯುವ ವಿಷಯದಲ್ಲಿ ಲೆಕ್ಕ ಸ್ಪಷ್ಟವಿದೆ. ಬ್ರಿಟನ್ನಿನ ನಿಯಮದಂತೆ ಆಸ್ಪತ್ರೆಯ ಲಾಂಡ್ರಿ 65 ಡಿಗ್ರಿಯಲ್ಲಿ 10 ನಿಮಿಷ ಇಲ್ಲವೇ 71 ಡಿಗ್ರಿಯಲ್ಲಿ 3 ನಿಮಿಷ ಬಟ್ಟೆಯನ್ನು ಬಿಸಿಯಲ್ಲಿಡಬೇಕು. ಮನೆಯಲ್ಲಿ ಒಗೆಯುವವರಿಗೆ ಅಲ್ಲಿ 60 ಡಿಗ್ರಿ ಎಂದು ಹೇಳಿದ್ದರು. ಅದನ್ನೂ ನೆಚ್ಚುವಂತಿಲ್ಲ: ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಬಳಕೆಯ ಆರು ಬಗೆಯ ವಾಷಿಂಗ್ ಮಷಿನ್‌ಗಳನ್ನು ಪರೀಕ್ಷಿಸಿದಾಗ ತ್ವರಿತ ಸೈಕಲ್‌ನಲ್ಲಿ ಅರ್ಧದಷ್ಟು, ಮಾಮೂಲಿ ಸೈಕಲ್‌ನಲ್ಲೂ ಮೂರನೇ ಒಂದು ಪಾಲು ಮಷಿನ್‌ಗಳು ಸೋಂಕು ತೆಗೆಯುವುದರಲ್ಲಿ ಸೋತವು. ನಮ್ಮ ಮನೆಗಳಲ್ಲಿ ನಲ್ಲಿಯ ತಣ್ಣೀರೇ ಗತಿ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಒಗೆದದ್ದು ಒಣಗುವುದೇ ದೊಡ್ಡ ಮಾತು.

ಒಗೆದಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಹಾಂಗ್‌ಕಾಂಗ್ ಪಾಠ ಕಲಿಸಿತು. 2015ರ ಜೂನ್–ಜುಲೈಯಲ್ಲಿ ಅಲ್ಲಿನ ಕ್ವೀನ್ ಮೇರಿ ಆಸ್ಪತ್ರೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದ್ದ 6 ರೋಗಿಗಳಿಗೆ ಶಿಲೀಂಧ್ರದ ಸೋಂಕು ತಗುಲಿತು. ಮೂಲ ಸಿಕ್ಕಿದ್ದು ಲಾಂಡ್ರಿಯಿಂದ ಒಗೆದು ಬಂದ ಬಟ್ಟೆಯಲ್ಲಿ! ಸಾಲದ ಬಿಸಿ, ಸರಿಯಾಗಿ ಒಣಗಿಸದೆ ಉಳಿದ ತೇವ, ಧೂಳು ತುಂಬಿದ ಲಾಂಡ್ರಿ ಎಲ್ಲವೂ ಕೂಡಿ ಬಂದಿದ್ದವು. ಅಲ್ಲಿ ಕೆಟ್ಟದ್ದು ರೋಗಿಗಳ ಬಟ್ಟೆ, ಸಿಬ್ಬಂದಿಯದಲ್ಲ. ಆದರೂ ತೇವ ಆರದ ಅಂಗಿಯನ್ನು ಮಡಚಿ ಬೀರುವಿನಲ್ಲಿ ತುರುಕುವ ಪ್ರತಿಯೊಂದು ಲಿನನ್ ರೂಮಿಗೂ ಆ ಎಚ್ಚರಿಕೆ ಅನ್ವಯಿಸುತ್ತದೆ.

ಇನ್ನು ವಿತರಣೆ. ಆಸ್ಪತ್ರೆಯೇ ಬಟ್ಟೆ ಕೊಡುವ ಥಿಯೇಟರಿನ ಚೇಂಜಿಂಗ್ ರೂಮ್ ನೋಡಿದರೆ ಎಲ್ಲ ತಿಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ಹಸಿರು ಜೊತೆಗಳು ತೆರೆದ ರ‍್ಯಾಕಿನಲ್ಲಿ ಒಪ್ಪವಾಗಿ ಕೂತಿರುತ್ತವೆ. ಎಂಟೂವರೆಯ ಹೊತ್ತಿಗೆ ದೊಡ್ಡ ಅಳತೆಯವು ಖಾಲಿ. ಬಂದವರು ಮೇಲಿನದನ್ನು ಎತ್ತಿ ಅಳತೆ ನೋಡಿ ಮತ್ತೆ ಇಡುತ್ತಾರೆ, ಅಡಿಯಿಂದ ಒಂದನ್ನು ಎಳೆಯುತ್ತಾರೆ, ಲಾಡಿಯಿಲ್ಲದ ಪ್ಯಾಂಟನ್ನು ಬದಿಗೆಸೆಯುತ್ತಾರೆ. ನೆಲಕ್ಕೆ ಬಿದ್ದದ್ದು ಪುನಃ ರ‍್ಯಾಕಿಗೇರುತ್ತದೆ. ಅನುಭವಸ್ಥರು ನಾಳೆಗೆಂದು ಒಂದು ಜೊತೆಯನ್ನು ಲಾಕರಿಗೆ ಸೇರಿಸಿರುತ್ತಾರೆ, ಕೆಲವೊಮ್ಮೆ ಬಳಸಿದ್ದನ್ನೇ. ಬೇಸಿಗೆಯಲ್ಲಿ ನಲ್ಲಿ ನೀರು ಬಂದಾಗ ಇದ್ದಬದ್ದ ಕೊಡಪಾನವನ್ನೆಲ್ಲ ತುಂಬಿಸಿಡುವಂಥದ್ದೇ ಈ ಜಾಣತನ. ಇದನ್ನು ಸಿಬ್ಬಂದಿಯ ಅಶಿಸ್ತು ಎಂದು ಸುತ್ತೋಲೆ ಹೊರಡಿಸುವ ಆಡಳಿತಗಾರರು ಮೂಲವನ್ನೇ ಮರೆತಿರುತ್ತಾರೆ. ನಾಳೆಯೂ ತನ್ನ ಅಳತೆಯದು ಸಿಗುತ್ತದೆಂಬ ಭರವಸೆಯಿದ್ದರೆ ಯಾರೂ ಬಟ್ಟೆ ಬಚ್ಚಿಡುವುದಿಲ್ಲ. ದಾಸ್ತಾನು ಎಲ್ಲಿ ತಪ್ಪುತ್ತದೋ ಶುಚಿತ್ವವೂ ಅಲ್ಲೇ ತಪ್ಪುತ್ತದೆ.

ಯುರೋಪಿನ ಹಲವು ಆಸ್ಪತ್ರೆಗಳು ಇದಕ್ಕೆ ಯಂತ್ರ ತಂದಿವೆ. ಪ್ರತಿ ಅಂಗಿಗೆ ಹೊಲಿದ ಚಿಪ್, ಪ್ರತಿಯೊಬ್ಬರಿಗೂ ಕಾರ್ಡು. ಕಾರ್ಡು ತೋರಿಸಿದರೆ ಅವರವರ ಅಳತೆಯ ಜೊತೆ ಹೊರಬರುತ್ತದೆ. ಹಳೆಯದನ್ನು ವಾಪಸು ಹಾಕದಿದ್ದರೆ ಹೊಸದಿಲ್ಲ. ರ‍್ಯಾಕ್ ಕೆದಕುವ ಕೈಗಳಿಗೆ ಅಲ್ಲಿ ಜಾಗವಿಲ್ಲ, ಲೆಕ್ಕವೂ ತಪ್ಪುವುದಿಲ್ಲ. ಅದರ ಗುಣ ಮೆಚ್ಚುತ್ತಲೇ ಹೇಳಬೇಕಾದ ಮಾತೆಂದರೆ, ಲಾಂಡ್ರಿ ಗಾಡಿ ತಡವಾದ ದಿನ ಯಂತ್ರವೂ ಖಾಲಿ. ಆಗ ಲಾಕರಿನ ಜಾಣತನ ಮರಳಿ ಬರುತ್ತದೆ. ಯಂತ್ರ ಮಾಡುವುದನ್ನು ಮುಚ್ಚಿದ ಕಪಾಟು, ಅಳತೆವಾರು ಗೂಡುಗಳು, ಸರಿಯಾದ ದಾಸ್ತಾನು ಮತ್ತು ‘ಹಳೆಯದು ಕೊಟ್ಟರೆ ಹೊಸದು’ ಎನ್ನುವ ಒಬ್ಬ ಅಟೆಂಡರ್ ಕೂಡಿ ಬಹುಪಾಲು ಮಾಡಬಲ್ಲರು. ಕೊಳೆ ಬಟ್ಟೆಯ ದಾರಿ ಮತ್ತು ಒಗೆದ ಬಟ್ಟೆಯ ದಾರಿ ಎಲ್ಲೂ ಕೂಡಬಾರದು, ಅಷ್ಟೇ.

2015ರಲ್ಲಿ ಶುರುವಾದ ‘ಕಾಯಕಲ್ಪ’ ಎಂಬ ಸ್ವಚ್ಛತಾ ಯೋಜನೆ ಸರ್ಕಾರಿ ಆಸ್ಪತ್ರೆಗಳ ಮುಖ ಬದಲಿಸಿದ್ದು ನಿಜ. ಆದರೆ ಅದರ ತಪಾಸಣಾ ಪಟ್ಟಿಯಲ್ಲಿ ಲಾಂಡ್ರಿ ಮತ್ತು ಲಿನನ್ ಒಂದು ವಿಭಾಗದಲ್ಲಿದ್ದರೆ, ಸಿಬ್ಬಂದಿಯ ಉಡುಪು ಇನ್ನೊಂದರಲ್ಲಿ, ‘ಡ್ರೆಸ್ ಕೋಡ್’ ಅಡಿಯಲ್ಲಿದೆ. ಸಮವಸ್ತ್ರವನ್ನು ಆಸ್ಪತ್ರೆಯ ಲಿನನ್ ಎಂದು ಎಣಿಸದ ನಮ್ಮ ಹಳೆಯ ಅಭ್ಯಾಸವೇ ಇಲ್ಲೂ ಕಾಣುತ್ತದೆ. ಜರ್ಮನಿಯ ನಿಯಮ ಇದಕ್ಕೆ ತದ್ವಿರುದ್ಧ: ರಕ್ಷಣಾ ಉಡುಪು ಕೊಡುವುದೂ ಒಗೆಸುವುದೂ ಮಾಲೀಕರ ಹೊಣೆ, ಅದನ್ನು ಮನೆಗೊಯ್ಯುವಂತಿಲ್ಲ, ಸ್ವಂತ ಬಟ್ಟೆಯ ಜೊತೆ ಇಡುವಂತೆಯೂ ಇಲ್ಲ.

ನಮ್ಮ ಪದ್ಧತಿಯ ದೊಡ್ಡ ಅನ್ಯಾಯ ಇರುವುದು ಕೆಳಗಿನ ಮೆಟ್ಟಿಲಲ್ಲಿ. ಕೊಳೆ ಬಟ್ಟೆಯ ಗಂಟು ಹೊರುವ, ಬೆಡ್‌ಪ್ಯಾನ್ ತೊಳೆಯುವ ಹೊರಗುತ್ತಿಗೆಯ ಹೌಸ್‌ಕೀಪಿಂಗ್ ನೌಕರರಿಗೆ ಬಹಳ ಕಡೆ ಇರುವುದು ಒಂದೆರಡು ಜೊತೆ. ಲಾಕರ್ ಇಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ. ಸಮವಸ್ತ್ರದಲ್ಲೇ ಬಸ್ಸು ಹತ್ತಿ ಮನೆ ಸೇರುತ್ತಾರೆ. ಸುಧಾರಣೆ ವೈದ್ಯರ ಏಪ್ರನ್‌ನಿಂದಲ್ಲ, ಇವರಿಂದ ಆರಂಭವಾಗಬೇಕು. ಮುಂದಿನ ತಪಾಸಣೆಗೆ ಬರುವವರು ಇಸ್ತ್ರಿ ನೋಡುವುದನ್ನು ಬಿಟ್ಟು, ಗುತ್ತಿಗೆಯ ಆಯಾಗೆ ಇವತ್ತು ಅವರ ಅಳತೆಯ ಒಗೆದ ಜೊತೆ ಸಿಕ್ಕಿತೇ ಎಂದು ಕೇಳಲಿ. ಆಸ್ಪತ್ರೆಯ ಲಿನನ್ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದು ಆ ಒಂದು ಉತ್ತರದಲ್ಲೇ ಗೊತ್ತಾಗುತ್ತದೆ.