ಬಾಟಲಿಯೊಳಗಿನ ತಿಪ್ಪೆ

ಮಕ್ಕಳಿಗೆ ಗೊಬ್ಬರ ಕಲಿಸಬೇಕೆಂದು ಹೊರಟ ಶಿಕ್ಷಕರ ಕೈಗೆ ಮೊದಲು ಸಿಗುವುದು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಕತ್ತು ಕತ್ತರಿಸಿ, ಮೈಗೆ ತೂತು ಮಾಡಿ, ಒಂದು ಪದರ ಒಣ ಎಲೆ, ಒಂದು ಪದರ ಬಾಳೆಹಣ್ಣಿನ ಸಿಪ್ಪೆ, ಮೇಲೊಂದು ಹಿಡಿ ಮಣ್ಣು, ಬೇಕಿದ್ದರೆ ಸ್ವಲ್ಪ ಹುಳಿ ಮಜ್ಜಿಗೆ. ಖರ್ಚಿಲ್ಲದ, ಒಂದು ಪೀರಿಯಡ್ಡಿನಲ್ಲಿ ಮುಗಿಯುವ ಕೆಲಸ. ಹಾಗೆ ಮುಗಿದುಬಿಡುವುದೇ ಇದರ ದೊಡ್ಡ ಕೊರತೆ.

ಗುಣವನ್ನು ಮೊದಲು ಹೇಳಬೇಕು. ಗುಂಡಿಯೊಳಗೆ ಕಾಣದ್ದು ಬಾಟಲಿಯ ಗೋಡೆಯಾಚೆ ಕಾಣುತ್ತದೆ. ತುಂಬಿದ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಕೆಲವು ವಾರಗಳಲ್ಲಿ ಕಸ ಗೆರೆಯಿಂದ ಎಷ್ಟೋ ಕೆಳಗಿಳಿದಿರುತ್ತದೆ. ‘ಉಳಿದದ್ದು ಎಲ್ಲಿ ಹೋಯಿತು?’ ಎಂದು ಮಗು ಕೇಳಿದರೆ ಪಾಠ ಅಲ್ಲಿಂದ ಶುರು. ‘ಮಣ್ಣಾಯಿತು’ ಎಂಬ ಸಿದ್ಧ ಉತ್ತರ ತಪ್ಪು. ಗೊಬ್ಬರ ಮಣ್ಣಲ್ಲ. ಕಸದಲ್ಲಿದ್ದ ಇಂಗಾಲದ ದೊಡ್ಡ ಪಾಲನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಉಸಿರಾಡಿ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಬಿಟ್ಟಿರುತ್ತವೆ. ಎರೆಹುಳುವಿನ ಚಿತ್ರ ಬರೆಸಿ ಎಲ್ಲ ಕೀರ್ತಿಯನ್ನೂ ಅದಕ್ಕೇ ಕೊಡುವ ನಮ್ಮ ಚಾರ್ಟುಗಳು ಈ ಉಸಿರನ್ನು ಮರೆತೇಬಿಡುತ್ತವೆ.

ಬಾಟಲಿ ತೋರಿಸಲಾಗದ್ದು ಬಿಸಿ. ಚಳಿಗಾಲದ ಬೆಳಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುವುದನ್ನು ಹಳ್ಳಿಯ ಮಕ್ಕಳು ಕಂಡಿರುತ್ತಾರೆ. ಸುಮಾರು ಒಂದು ಘನ ಮೀಟರ್ ರಾಶಿಯಿದ್ದರೆ ಒಳಗಿನ ಶಾಖ 55–60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಳೆಯ ಬೀಜ, ರೋಗಾಣುಗಳು ಸಾಯುವುದು ಆ ಬಿಸಿಗೆ. ಬಾಟಲಿಯಲ್ಲಿ ಹುಟ್ಟಿದ ಶಾಖ ಹುಟ್ಟಿದ ಹಾಗೆಯೇ ಆರಿಹೋಗುತ್ತದೆ. ಆದ್ದರಿಂದ ಮಕ್ಕಳನ್ನು ಒಮ್ಮೆಯಾದರೂ ನಿಜವಾದ ರಾಶಿಯ ಬಳಿಗೆ ಕರೆದೊಯ್ಯಬೇಕು. ಕಬ್ಬಿಣದ ಸರಳನ್ನು ರಾಶಿಗೆ ಚುಚ್ಚಿಟ್ಟು, ಹೊರಗೆಳೆದು ಮುಟ್ಟಿಸಿದರೆ ಸಾಕು, ಥರ್ಮಾಮೀಟರ್ ಬೇಡ.

ಇನ್ನು ವಾಸನೆ. ಹಸಿ ಕಸ ಹೆಚ್ಚಾಗಿ, ಗಾಳಿ ಕಟ್ಟಿದ ಬಾಟಲಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ವಸ್ತುಪ್ರದರ್ಶನಕ್ಕೆ ಮುಂಚೆ ಅದನ್ನು ಆಯಾ ಕೈಯಲ್ಲಿ ಸದ್ದಿಲ್ಲದೆ ಎಸೆಸುವುದು ರೂಢಿ. ನನ್ನ ಮಟ್ಟಿಗೆ ಸಾಲಿನಲ್ಲಿ ಉಳಿಸಿಕೊಳ್ಳಬೇಕಾದ ಬಾಟಲಿ ಅದೇ. ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕೆಂಬ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರೆ ತಲೆಗೆ ಹೋಗದು. ನಾರುವ ಬಾಟಲಿಗೆ ಒಣ ಎಲೆ ಸೇರಿಸಿ, ಕಲಸಿ, ಕೆಲವು ದಿನ ಬಿಟ್ಟು ಮೂಸಿ ನೋಡಿದವರಿಗೆ ಮರೆಯದು.

ಇಲ್ಲೇ ಇತಿಹಾಸವನ್ನೂ ತರಬಹುದಿತ್ತು. ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ರೂಪಿಸಿದ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚಬೇಕು. 1939ರಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ ‘ಬೆಂಗಳೂರು ವಿಧಾನ’ದಲ್ಲಿ ಗುಂಡಿ ತುಂಬಿ, ಮಣ್ಣಿನಿಂದ ಮೆತ್ತಿ, ಮಗುಚದೆ ಆರೆಂಟು ತಿಂಗಳು ಬಿಡಬೇಕು. ಒಂದು ಬಾಟಲಿಯನ್ನು ವಾರಕ್ಕೊಮ್ಮೆ ಕಲಸಿ, ಇನ್ನೊಂದನ್ನು ಮೆತ್ತಿಟ್ಟರೆ ಎರಡು ಊರುಗಳೂ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತವೆ. ತಮ್ಮ ಊರಿನ ಹೆಸರಿನಲ್ಲಿ ಒಂದು ಗೊಬ್ಬರ ವಿಧಾನವಿದೆ ಎಂಬುದು ಬೆಂಗಳೂರಿನ ಎಷ್ಟು ಮಕ್ಕಳಿಗೆ ಗೊತ್ತು?

ಆದರೆ ಇದಕ್ಕೆಲ್ಲ ಸಮಯ ಬೇಕು. ಜೂನ್ 5ರ ಪರಿಸರ ದಿನಕ್ಕೆ ತುಂಬಿಸಿ, ಫೋಟೊ ತೆಗೆದು, ತಿಂಗಳೊಳಗೆ ಎಸೆದರೆ ಮಕ್ಕಳು ಕಲಿಯುವುದು ಕಸ ತುಂಬುವುದನ್ನು ಮಾತ್ರ. ದಸರಾ ರಜೆಯವರೆಗಾದರೂ ಬಾಟಲಿಗಳು ಇರಬೇಕು. ನಡುವಿನ ರಜೆಗಳಲ್ಲಿ ಅವುಗಳಿಗೆ ನೀರು ಚಿಮುಕಿಸುವವರು ಯಾರೆಂದು ತುಂಬಿಸುವ ದಿನವೇ ಗೊತ್ತುಮಾಡಿಕೊಳ್ಳಬೇಕು.