ಅರ್ಥ ಹೇಳುವವರು ಯಾರು?

‘ಅಮರ ಚಿತ್ರ ಕಥೆ’ ಎಂದೊಡನೆ ಮುಂಬಯಿ, ಇಂಗ್ಲಿಷು ನೆನಪಾಗುತ್ತವೆ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಕನ್ನಡದವು. 1965ರಲ್ಲಿ ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಹೊರತಂದರು. ಅವು ಚೆನ್ನಾಗಿ ಮಾರಾಟವಾದದ್ದು ಮುಂಬಯಿಗೆ ತಿಳಿಯಿತು. 1967ರಲ್ಲಿ ಕಾರ್ಕಳದ ಅನಂತ ಪೈ ಸಂಪಾದಕತ್ವ ವಹಿಸಿಕೊಂಡು, ಮಾಲೆಯನ್ನು ನಮ್ಮ ಪುರಾಣಗಳತ್ತ ತಿರುಗಿಸಿದರು. ಮೊದಲ ಹತ್ತು ಸಂಖ್ಯೆಗಳು ಆ ವಿದೇಶಿ ಕಥೆಗಳಿಗೆ ಸಂದಿದ್ದರಿಂದ ಅವರ ‘ಕೃಷ್ಣ’ ಹನ್ನೊಂದನೆಯದಾಯಿತು.

ಪೈಯವರ ಊರಿನ ಕಡೆಯ ತಾಳಮದ್ದಳೆಯನ್ನು ಇಲ್ಲಿ ನೆನೆಯಬೇಕು. ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ. ಅರ್ಥಧಾರಿ ಮಾತ್ರ ಪ್ರತಿ ರಾತ್ರಿ ಹೊಸದಾಗಿ ಮಾತು ಕಟ್ಟುತ್ತಾನೆ. ಚಿತ್ರಕಥೆಯೂ ಹೀಗೆಯೇ. ಮೂವತ್ತೆರಡು ಪುಟಗಳಲ್ಲಿ ಒಂದು ಬದುಕು ಮುಗಿಯಬೇಕು. ಹಾಗಾಗಿ ಒಂದು ಚೌಕದಿಂದ ಇನ್ನೊಂದಕ್ಕೆ ಕಥೆ ಹಾರುತ್ತದೆ. ಹಾರಿದ ಜಾಗವನ್ನು ಅಜ್ಜಿಯೋ ಅಪ್ಪನೋ ತುಂಬುತ್ತಾರೆ. ಇದರಿಂದ ಪುಸ್ತಕದ ದೋಷಗಳು ಮಾಯವಾಗುವುದಿಲ್ಲ. ದೇವರಿಗೆ ನಯವಾದ ಮುಖ, ರಾಕ್ಷಸನಿಗೆ ಕಪ್ಪು ಮೈ ಎಂಬ ಬಣ್ಣದ ಲೆಕ್ಕವನ್ನು ಎರಡು ತಲೆಮಾರು ಇಲ್ಲೇ ಕಲಿತಿದೆ.

1987ರಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಆರಂಭವಾಯಿತು. ಅದು ಈ ಮಾಲೆಯ ಕೂಸಲ್ಲ. ಆದರೂ ಅದರ ಕಿರೀಟ, ಆಭರಣ, ನಿಂತ ಭಂಗಿ ಯಾವುವೂ ಚಿತ್ರಕಥೆಯ ಓದುಗರಿಗೆ ಅಪರಿಚಿತವೆನಿಸಲಿಲ್ಲ. ಕಣ್ಣು ಮೊದಲೇ ತಯಾರಾಗಿತ್ತು. ಮಾಲೆಯ ಹೆಸರಿನಲ್ಲೇ ಅನಿಮೇಷನ್ ಚಿತ್ರಗಳು ಬಂದದ್ದು ಬಹಳ ತಡವಾಗಿ: 2011ರಲ್ಲಿ ಚೇತನ್ ಶರ್ಮರ ‘ತ್ರಿಪುರ’, 2012ರಲ್ಲಿ ಕುಶಾಲ್ ರುಯಿಯಾರ ‘ಸನ್ಸ್ ಆಫ್ ರಾಮ್’. ಪೈ ತೀರಿಕೊಂಡದ್ದು 2011ರ ಫೆಬ್ರವರಿಯಲ್ಲಿ.

ಮಸ್ಕತ್ತಿನ ನಮ್ಮ ಮನೆಯಲ್ಲಿ ಲವಕುಶರ ಕಥೆ ಎರಡು ರೂಪದಲ್ಲೂ ಇದೆ. ಪುಸ್ತಕ ಓದುವಾಗ ಮಗಳು ಕಾಡಿನಲ್ಲಿ ಒಂಟಿಯಾಗಿ ನಿಂತ ಸೀತೆಯ ಮೇಲೆ ಬೆರಳಿಟ್ಟು, “ಅಪ್ಪಾ, ಯಾಕೆ ಕಳಿಸಿದ?” ಎಂದು ಕೇಳಿದಳು. ಪುಟ ತಿರುವಲು ಬಿಡಲಿಲ್ಲ. ಅಗಸನ ಮಾತು, ರಾಜಧರ್ಮ ಎಂದೆಲ್ಲ ಹೇಳಿದೆ. “ಅದು ಸರಿಯಾ?” ಎಂದಳು. ನನ್ನ ಕನ್ನಡವೂ ನನ್ನ ಧರ್ಮಜ್ಞಾನವೂ ಒಟ್ಟಿಗೇ ತಡವರಿಸಿದವು. ಅವಳು ಮನೆಯಲ್ಲಿ ಅಷ್ಟು ಹೊತ್ತು ಕನ್ನಡ ಕೇಳಿಸಿಕೊಂಡದ್ದು ಆ ವಾರದಲ್ಲಿ ಅದೇ ಮೊದಲು.

ಸಿನಿಮಾ ನೋಡಿದ ದಿನ ಆ ಪ್ರಶ್ನೆ ಬರಲಿಲ್ಲ. ಮಕ್ಕಳ ಆಟ, ಸಾಹಸಗಳತ್ತ ಅವಳ ಕಣ್ಣು ಓಡಿತು. ದುಃಖಕ್ಕೆ ಸಂಗೀತವೇ ಉತ್ತರ ಹೇಳಿಬಿಟ್ಟಿತು. ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚಲನೆ, ದನಿ, ಬಣ್ಣ ಎಲ್ಲ ಕೊಟ್ಟ ಆ ಚಿತ್ರ ಅರ್ಥಧಾರಿಯ ಪೀಠವನ್ನು ಮಾತ್ರ ತೆಗೆದಿಟ್ಟಿದೆ. ಊರಿನಲ್ಲಾದರೆ ಆ ಪೀಠದ ಮೇಲೆ ಕೂರಲು ಅಜ್ಜಿಯಿದ್ದಾರೆ, ದೇವಸ್ಥಾನದ ಅಂಗಳವಿದೆ, ಮೇಳವಿದೆ. ಒಮಾನಿನಲ್ಲಿ ಬೆಳೆಯುವ ಮಗುವಿಗೆ ಅಪ್ಪ ಅಮ್ಮ ಬಿಟ್ಟರೆ ಬೇರೆ ಯಾರು?

ಆದ್ದರಿಂದ ಈ ಮಾಲೆಯ ಪಯಣವನ್ನು ಬರಿಯ ತಾಂತ್ರಿಕ ಪ್ರಗತಿ ಎಂದು ಅಳೆಯಲು ನನಗೆ ಒಪ್ಪಿಗೆಯಿಲ್ಲ. ಪರದೆಯನ್ನು ಮನೆಯಿಂದ ಹೊರಗಿಡುವುದೂ ಆಗದ ಮಾತು. ಈಗ ನಾವು ಸಿನಿಮಾವನ್ನು ನಡುವೆ ನಿಲ್ಲಿಸಿ ನೋಡುತ್ತೇವೆ. ಮಗಳಿಗೆ ಸಿಟ್ಟು ಬರುತ್ತದೆ. ಆದರೂ ಮೊನ್ನೆ ಸೀತೆಯ ದೃಶ್ಯ ಬಂದಾಗ ರಿಮೋಟು ಒತ್ತಿದವಳು ಅವಳೇ. ಉತ್ತರ ಮಾತ್ರ ನನ್ನ ಬಳಿ ಇನ್ನೂ ಸಿದ್ಧವಿರಲಿಲ್ಲ.