‘ಕಾಡು ಟರ್ಕಿ ಮತ್ತು ಅದರ ಬೇಟೆ’ : ಒಂದು ಆಕರವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ಬೇಟೆಯ ಸಾಹಿತ್ಯದಲ್ಲಿ ‘ದಿ ವೈಲ್ಡ್ ಟರ್ಕಿ ಅಂಡ್ ಇಟ್ಸ್ ಹಂಟಿಂಗ್’ ಎಂಬ ಗ್ರಂಥಕ್ಕೆ ಗಣ್ಯವಾದ ಸ್ಥಾನವುಂಟು. ೧೯೧೪ರಲ್ಲಿ ಪ್ರಕಟವಾದ ಈ ಪುಸ್ತಕವನ್ನು, ವಸಂತಕಾಲದಲ್ಲಿ ಕಾಡು ಟರ್ಕಿಯ ಹುಂಜವನ್ನು ಹೇಂಟೆಯ ದನಿಯಿಂದ ಕರೆದು ಬೇಟೆಯಾಡುವ ವಿದ್ಯೆಗೆ ಪ್ರಮಾಣವೆಂದು ಉದಾಹರಿಸುವವರು ಇಂದಿಗೂ ಇದ್ದಾರೆ. ಮುಖಪತ್ರದಲ್ಲಿರುವ ಹೆಸರು ಎಡ್ವರ್ಡ್ ಎ. ಮೆಕಿಲ್ಹೆನಿ. ಆದರೆ ಒಳಗೆ ‘ನಾನು’ ಎಂದು ಮಾತನಾಡುವವನು ಆತನಲ್ಲ. ಪುಸ್ತಕ ಅಚ್ಚಾಗುವುದಕ್ಕೆ ಐದು ವರ್ಷ ಮೊದಲೇ ಮಡಿದಿದ್ದ ಚಾರ್ಲ್ಸ್ ಎಲ್. ಜೋರ್ಡನ್. ಇತಿಹಾಸದ ಆಕರಗಳನ್ನು ಪರೀಕ್ಷಿಸುವ ಕ್ರಮವನ್ನು ತರಗತಿಯಲ್ಲಿ ಹೇಳಿಕೊಡುವಾಗ ನಾವು ಈ ಪುಸ್ತಕವನ್ನು ಒಮ್ಮೆ ಅಭ್ಯಾಸಕ್ಕೆ ತೆಗೆದುಕೊಂಡೆವು. ಹಕ್ಕಿಯ ಬೇಟೆಗೂ ಇತಿಹಾಸಕ್ಕೂ ಏನು ಸಂಬಂಧವೆಂದು ನಕ್ಕ ವಿದ್ಯಾರ್ಥಿಗಳೇ ಕಡೆಗೆ, “ಈ ‘ನಾನು’ ಯಾರು?” ಎಂದು ಕೇಳುವಂತಾಯಿತು. ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಟರ್ಕಿ ಕೋಳಿ ಉತ್ತರ ಅಮೆರಿಕದ ಹಕ್ಕಿ. ನಮ್ಮ ದೇಶದಲ್ಲಿ ಅದರ ಪ್ರಸಿದ್ಧ ದಾಖಲೆಯೊಂದು ೧೬೧೨ರದು. ಆ ವರ್ಷ ಗೋವೆಯಿಂದ ತರಿಸಿದ ವಿಚಿತ್ರ ಪ್ರಾಣಿಪಕ್ಷಿಗಳಲ್ಲಿ ಇದೂ ಇತ್ತೆಂದೂ, ಜಹಾಂಗೀರನು ಅದರ ತಲೆಯ ಬಣ್ಣ ಗಳಿಗೆಗೊಮ್ಮೆ ಬದಲಾಗುವುದನ್ನು ಕಂಡು ಬೆರಗಾಗಿ ಚಿತ್ರ ಬರೆಯಿಸಿದನೆಂದೂ ಮೊಗಲರ ಇತಿಹಾಸವನ್ನು ಓದಿದವರು ಬಲ್ಲರು. ಅವನು ಕಂಡದ್ದು ಸಾಕಿದ ಹಕ್ಕಿ. ಕಾಡಿನಲ್ಲಿರುವ ಅದರ ಬಂಧು ಅತ್ಯಂತ ಎಚ್ಚರದ ಜೀವಿ. ಮೂಗು ಅಷ್ಟೇನೂ ಚುರುಕಲ್ಲ. ಕಣ್ಣು ಮತ್ತು ಕಿವಿಗಳ ಚುರುಕಿಗೆ ಸಾಟಿಯಿಲ್ಲ.

ಇನ್ನು ಕರೆಯುವ ವಿದ್ಯೆಯ ವಿಚಾರ. ಟರ್ಕಿಗಳು ರಾತ್ರಿ ಮರದ ಮೇಲೆ ತಂಗುತ್ತವೆ. ವಸಂತದಲ್ಲಿ ಬೆಳಕು ಹರಿಯುವ ಮೊದಲೇ, ಕೊಂಬೆಯಿಂದ ಇಳಿಯುವುದಕ್ಕೆ ಮುಂಚೆಯೇ, ಹುಂಜವು ಗುಳುಗುಳು ಎಂದು ಕೂಗಲಾರಂಭಿಸುತ್ತದೆ. ಆ ಕೂಗನ್ನು ಕೇಳಿದ ಹೇಂಟೆಗಳು ನೆಲಕ್ಕಿಳಿದು ಹುಂಜವಿದ್ದಲ್ಲಿಗೆ ತಾವೇ ನಡೆದು ಹೋಗುವುದು ನಿಸರ್ಗದ ಕ್ರಮ. ಬೇಟೆಗಾರನು ಮಾಡಬೇಕಾದುದು ಇದಕ್ಕೆ ನೇರ ವಿರುದ್ಧ: ಮರದ ಬುಡಕ್ಕೊರಗಿ ಅಲುಗದೆ ಕುಳಿತು, ಹೇಂಟೆಯ ದನಿಯನ್ನು ನುಡಿಸಿ, ಹುಂಜವೇ ಹೇಂಟೆಯನ್ನು ಹುಡುಕಿಕೊಂಡು ಬರುವಂತೆ ಮಾಡಬೇಕು; ಬಂದರೂ ನಲವತ್ತು ಗಜದೊಳಕ್ಕೆ ಬರಬೇಕು, ಚರೆಯ ಕೋವಿಗೆ ಅದಕ್ಕಿಂತ ದೂರ ನೆಚ್ಚುವಂಥದಲ್ಲ. ಬಹಳ ಸಲ ಹುಂಜವು ಉತ್ತರಕೊಡುತ್ತದೆ, ಸಮೀಪಿಸುತ್ತದೆ, ಕಣ್ಣಿಗೆ ಬೀಳುವಷ್ಟರಲ್ಲಿ ನಿಂತುಬಿಡುತ್ತದೆ. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಗಳನ್ನು ನೆಲಕ್ಕೆ ಸೋಕಿಸುತ್ತ ಅಲ್ಲೇ ಮೆರೆಯುತ್ತದೆ; ಇನ್ನುಳಿದ ದಾರಿಯನ್ನು ಹೇಂಟೆಯೇ ನಡೆಯಲಿ ಎಂಬುದು ಅದರ ನಿರೀಕ್ಷೆ. ಬಳಿಯಲ್ಲಿ ನಿಜವಾದ ಹೇಂಟೆಗಳಿದ್ದರಂತೂ ಕೃತಕ ಕರೆಗೆ ಓಗೊಡುವುದೇ ಅಪರೂಪ. ಹೊತ್ತೇರಿ ಹೇಂಟೆಗಳು ಗೂಡಿಗೆ ತೆರಳಿದ ಮೇಲೆ ಒಂಟಿಯಾದ ಹುಂಜವು ಮತ್ತೆ ಕಿವಿಗೊಡುವ ಸಂಭವವುಂಟು. ಹೀಗಾಗಿ ಈ ಬೇಟೆಯಲ್ಲಿ ನುಡಿಸುವುದಕ್ಕಿಂತ ನುಡಿಸದಿರುವುದು ಕಷ್ಟ. ಉತ್ತರ ಬಂದೊಡನೆ ಉತ್ಸಾಹದಿಂದ ಮೇಲಿಂದ ಮೇಲೆ ಕರೆಯುವವನು ಹುಂಜವನ್ನು ಇದ್ದಲ್ಲಿಯೇ ನಿಲ್ಲಿಸುತ್ತಾನೆ.

ಮೃಗವನ್ನು ಮುಂದೊಡ್ಡಿ ಮೃಗವನ್ನು ಸೆಳೆಯುವ ಬೇಟೆಗೆ ಹಳಗನ್ನಡದಲ್ಲಿ ‘ದೀವ’ ಎಂಬ ಮಾತಿದೆ. ಇಲ್ಲಿ ಒಡ್ಡಲು ಮೃಗವೂ ಇಲ್ಲ, ಪಕ್ಷಿಯೂ ಇಲ್ಲ, ದನಿಯೇ ದೀವ.

ಜೋರ್ಡನ್ನನ ಪುಸ್ತಕದ (ಸದ್ಯಕ್ಕೆ ಹಾಗೆಂದೇ ಕರೆಯೋಣ) ಶ್ರೇಷ್ಠ ಭಾಗವಿರುವುದು ಈ ವಿಷಯದಲ್ಲಿಯೇ. ಟರ್ಕಿಯ ಭಾಷೆಯನ್ನು ಕಲಿಯುವುದು, ಕರೆಯುವ ಸಾಧನಗಳು, ವಿರಹಿಯಾದ ಹುಂಜವನ್ನು ಬರಮಾಡಿಕೊಳ್ಳುವುದು ಎಂಬ ಅಧ್ಯಾಯಗಳು ಗ್ರಂಥದ ತಿರುಳು. ಹೇಂಟೆಯ ರೆಕ್ಕೆಯ ಸಣ್ಣ ಮೂಳೆಗೆ ಜೊಂಡಿನ ತುಂಡುಗಳನ್ನು ಜೋಡಿಸಿ, ಉಸಿರನ್ನು ಒಳಕ್ಕೆಳೆದು ನುಡಿಸುವ ಸಾಧನವೊಂದು ಇಲ್ಲಿ ವರ್ಣಿತವಾಗಿದೆ. ಬೇಟೆಗಾರರಲ್ಲಿ ಅದು ಜೋರ್ಡನ್ನನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಈ ಉಪಾಯ ಅವನು ಹುಟ್ಟಿಸಿದ್ದಲ್ಲ. ಪಕ್ಷಿಚಿತ್ರಗಳಿಗಾಗಿ ಲೋಕವಿಖ್ಯಾತನಾದ ಆಡುಬನ್ನನು ೧೮೩೧ರಲ್ಲಿ ಹೊರತಂದ ‘ಆರ್ನಿಥಾಲಾಜಿಕಲ್ ಬಯಾಗ್ರಫಿ’ಯ ಮೊದಲ ಸಂಪುಟದಲ್ಲಿಯೇ, ರೆಕ್ಕೆಯ ಮೂಳೆಯಿಂದ ಹೇಂಟೆಯ ದನಿಯನ್ನು ಹೊರಡಿಸಿ ಹುಂಜವನ್ನು ಕೊಲ್ಲುವ ಪದ್ಧತಿಯನ್ನು ಹೇಳಿ, ದನಿ ತಪ್ಪಿದರೆ ಹಕ್ಕಿಗೆ ಥಟ್ಟನೆ ತಿಳಿಯುತ್ತದೆಂದು ಎಚ್ಚರಿಸಿದ್ದಾನೆ. ಆದರೆ ಆಡುಬನ್ನನಿಗೆ ಅದು ನಾಲ್ಕು ಮಾತಿನಲ್ಲಿ ಮುಗಿಯುವ ಸಂಗತಿ. ಇಲ್ಲಿ ಅದೊಂದು ಶಾಸ್ತ್ರ. ೧೮೯೭ರಲ್ಲಿ ಅರ್ಕಾನ್ಸಾಸಿನ ಹೆನ್ರಿ ಗಿಬ್ಸನ್ ಎಂಬವನು ಮುಚ್ಚಳವನ್ನು ಉಜ್ಜಿ ನುಡಿಸುವ ಮರದ ಪೆಟ್ಟಿಗೆಗೆ ಪೇಟೆಂಟು ಪಡೆದಿದ್ದನು. ಸಾಧನಗಳು ಅಂಗಡಿಯ ಸರಕಾಗತೊಡಗಿದ್ದ ಕಾಲದಲ್ಲಿ ಈ ಗ್ರಂಥ ಉಸಿರಿನ ವಿದ್ಯೆಯನ್ನು ಬರೆದಿಟ್ಟಿತು.

ಹಾಗಾದರೆ ಬರೆದಿಟ್ಟವರು ಯಾರು? ಲೂಸಿಯಾನದ ಹ್ಯಾಮಂಡ್ ಊರಿನ ಬಳಿ ಬೇಟೆಗಾಗಿ ಕಾಯ್ದಿಟ್ಟ ಅರಣ್ಯವೊಂದರ ಮೇಲ್ವಿಚಾರಕನಾಗಿದ್ದ ಜೋರ್ಡನ್ನನು ೧೯೦೯ರಲ್ಲಿ ಕಳ್ಳಬೇಟೆಗಾರನೊಬ್ಬನ ಗುಂಡಿಗೆ ಬಲಿಯಾದನು. ಅವನ ಟಿಪ್ಪಣಿಗಳೂ ಛಾಯಾಚಿತ್ರಗಳೂ ಕೈ ಬದಲಿಸಿ ಮೆಕಿಲ್ಹೆನಿಗೆ ಸೇರಿದವು. ಈತ ಅದೇ ಸಂಸ್ಥಾನದ ಏವರಿ ದ್ವೀಪದವನು. ಟಬಾಸ್ಕೊ ಎಂಬ ಖಾರದ ದ್ರವವನ್ನು ತಯಾರಿಸುವ ಮನೆತನದವನು. ಜೋರ್ಡನ್ನನೇ ಹೇಳುತ್ತಿರುವಂತೆ ಕಥನವನ್ನು ತಾನು ಮುಂದುವರಿಸಿರುವುದಾಗಿ ಪೀಠಿಕೆಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಟರ್ಕಿಯ ಪ್ರಾಚೀನತೆಯನ್ನೂ ಇತಿಹಾಸವನ್ನೂ ಕುರಿತ ಎರಡು ಅಧ್ಯಾಯಗಳು ಪಕ್ಷಿಶಾಸ್ತ್ರಜ್ಞ ಶುಫೆಲ್ಟನವು. ಅವು ಅವನ ಹೆಸರಿನಲ್ಲಿಯೇ ಇರುವುದರಿಂದ ತೊಡಕಿಲ್ಲ. ತೊಡಕಿರುವುದು ಮಿಕ್ಕುದರಲ್ಲಿ.

ಇದನ್ನು ಕೃತಿಚೌರ್ಯವೆಂದು ತಳ್ಳಿಹಾಕುವುದು ಸುಲಭ. ಒಪ್ಪಿಕೊಂಡ ಸಂಗತಿಯನ್ನು ಕಳವೆನ್ನುವುದು ನ್ಯಾಯವಲ್ಲವೆಂದು ನಮ್ಮ ಮತ. ಪೀಠಿಕೆಯ ಒಪ್ಪಿಗೆಯೊಂದೇ ಸಾಕು, ಒಳಗಿನ ಮಾತೆಲ್ಲ ಜೋರ್ಡನ್ನನದೇ ಎನ್ನುವುದನ್ನೂ ನಾವು ಒಪ್ಪಲಾರೆವು. ಟಿಪ್ಪಣಿ ಎಲ್ಲಿ ನಿಂತಿತು, ತುಂಬಿಕೆ ಎಲ್ಲಿ ತೊಡಗಿತು ಎಂಬುದಕ್ಕೆ ಪುಟದಲ್ಲಿ ಯಾವ ಗುರುತೂ ಇಲ್ಲ. ಮೇಲಾಗಿ ಸಾಕ್ಷಿಯಾಗಿ ಮೆಕಿಲ್ಹೆನಿಯ ಮಾತನ್ನು ತೂಗಿ ನೋಡಬೇಕಾಗುತ್ತದೆ. ಬೆಳ್ಳಕ್ಕಿಗಳ ರಕ್ಷಣೆಯಲ್ಲಿ ಆತನ ಕಾರ್ಯ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೂ ೧೯ ಅಡಿಗೆ ಮೀರಿದ ಮೊಸಳೆಯನ್ನು ೧೮೯೦ರಲ್ಲಿ ತಾನು ಕೊಂದು ಅಳೆದೆನೆಂಬ ಆತನ ಹೇಳಿಕೆಯನ್ನು ಪ್ರಾಣಿಶಾಸ್ತ್ರಜ್ಞರು ಸಂದೇಹದಿಂದಲೇ ನೋಡುತ್ತಾರೆ. ನ್ಯೂಟ್ರಿಯ ಎಂಬ ದೊಡ್ಡ ಜಲದಂಶಕವನ್ನು ಲೂಸಿಯಾನಕ್ಕೆ ತಂದ ಖ್ಯಾತಿಯೂ ಆತನಿಗಿತ್ತು. ಆತ ೧೯೩೮ರಲ್ಲಿ ಅವನ್ನು ಲೂಸಿಯಾನದಲ್ಲಿಯೇ ಕೊಂಡನೆಂದೂ, ಆತನಿಗಿಂತ ಮೊದಲೇ ಇತರರು ತಂದಿದ್ದರೆಂದೂ ಆ ಮನೆತನದ ಕಾಗದಪತ್ರಗಳಿಂದಲೇ ಅನಂತರ ಸಿದ್ಧವಾಯಿತು. ಒಳ್ಳೆಯ ಕಥೆಯನ್ನು ಇನ್ನಷ್ಟು ಒಳ್ಳೆಯದು ಮಾಡುವ ಚಪಲವುಳ್ಳ ಸಂಪಾದಕನ ಕೈಗೆ ಮೃತನೊಬ್ಬನ ಟಿಪ್ಪಣಿಗಳು ಸಿಕ್ಕಿದಾಗ ಓದುಗನು ಎಚ್ಚರವಾಗಿರಬೇಕು.

ಆದುದರಿಂದ ಗ್ರಂಥವನ್ನು ಇಡಿಯಾಗಿ ಸ್ವೀಕರಿಸದೆ, ಇಡಿಯಾಗಿ ಬಿಡದೆ, ಭಾಗಭಾಗವಾಗಿ ಬೆಲೆಕಟ್ಟುವುದೇ ಯುಕ್ತ. ಛಾಯಾಚಿತ್ರಗಳ ಸಾಕ್ಷ್ಯ ಎಲ್ಲಕ್ಕೂ ಗಟ್ಟಿ. ಹಕ್ಕಿಗಳನ್ನು ಕರೆದು ಕ್ಯಾಮರದಿಂದ ಹಿಡಿದ ಆ ಚಿತ್ರಗಳಿಗೆ ಸಂಪಾದಕನು ಶೀರ್ಷಿಕೆಯನ್ನು ಬರೆಯಬಲ್ಲನೇ ಹೊರತು ಹಕ್ಕಿಯನ್ನು ಬರೆಯಲಾರ. ಸಾಧನವನ್ನು ಮಾಡುವ ವಿಧಾನವೂ ನೆಚ್ಚತಕ್ಕದ್ದು; ಯಾರು ಬೇಕಾದರೂ ಮೂಳೆಯನ್ನು ಕೊರೆದು ನುಡಿಸಿ ನೋಡಬಹುದು, ದನಿ ಸರಿಯೋ ತಪ್ಪೋ ಹುಂಜವೇ ಹೇಳುತ್ತದೆ. ಬಾಲ್ಯದ ತರಬೇತಿಯನ್ನು ಹೇಳುವ ಮೊದಲ ಅಧ್ಯಾಯ ಓದಲು ಬಹು ಹಿತ, ಪ್ರಮಾಣವಾಗಿ ಬಹು ದುರ್ಬಲ. ಮಿಶ್ರವಾದ ಈ ‘ನಾನು’ ತನ್ನ ಎಳೆವೆಯ ಕಾಡನ್ನು ನೆನೆದಾಗ ನಾವು ಯಾವ ವರ್ಷದಿಂದ ಹಿಂದಕ್ಕೆ ಎಣಿಸಬೇಕು? ಯಾರ ಎಳೆವೆಯಿಂದ?

ಇದು ಬರಿಯ ಪಾಂಡಿತ್ಯದ ಜಗಳವಲ್ಲ. ೧೯೨೦ರ ವೇಳೆಗೆ ಕಾಡು ಟರ್ಕಿ ತಾನು ಮೊದಲಿದ್ದ ೩೯ ಸಂಸ್ಥಾನಗಳ ಪೈಕಿ ೧೮ರಲ್ಲಿ ನಿರ್ನಾಮವಾಗಿತ್ತು. ಅನಂತರ ಕಾಡಿನ ಹಕ್ಕಿಗಳನ್ನೇ ಬಲೆಯಿಂದ ಹಿಡಿದು ಬೇರೆಡೆ ಬಿಟ್ಟು ಸಂತತಿಯನ್ನು ಬೆಳೆಸಿದರು. ಮಿಸೌರಿಯಲ್ಲಿ ೧೯೬೦ರಲ್ಲಿ, ಪೆನ್ಸಿಲ್ವೇನಿಯದಲ್ಲಿ ೧೯೬೮ರಲ್ಲಿ ವಸಂತದ ಬೇಟೆ ಹೊಸದಾಗಿ ತೊಡಗಿತು. ಹುಂಜವೊಂದು ಹಲವು ಹೇಂಟೆಗಳೊಡನೆ ಕೂಡುವುದರಿಂದ, ಕೂಡುವ ಕಾಲ ಕಳೆದ ಹುಂಜಗಳನ್ನು ಕೊಂದರೆ ಸಂತತಿಗೆ ಹಾನಿಯಿಲ್ಲವೆಂಬುದೇ ಇದಕ್ಕೆ ಆಧಾರ. ಇತ್ತೀಚೆಗೆ ಆಗ್ನೇಯ ಸಂಸ್ಥಾನಗಳಲ್ಲಿ ಸಂಖ್ಯೆ ಮತ್ತೆ ಕುಗ್ಗಿ, ಬೇಟೆ ತೀರ ಬೇಗ ತೊಡಗುತ್ತಿದೆಯೇ ಎಂಬ ಪ್ರಶ್ನೆ ಎದ್ದಿದೆ. ಅಲಬಾಮ ೨೦೨೨ರಲ್ಲಿ ಆರಂಭದ ದಿನವನ್ನು ಮುಂದೂಡಿ, ಮೊದಲ ೧೦ ದಿನ ಬೊಂಬೆಹಕ್ಕಿಗಳನ್ನು ನಿಷೇಧಿಸಿತು. ಟೆನೆಸಿ ೨೦೨೩ರಲ್ಲಿ ಆರಂಭವನ್ನು ಏಪ್ರಿಲ್ ನಡುವಿಗೆ ತಳ್ಳಿತು. ಬಾಯಿಂದ ಕರೆಯುವುದನ್ನು ಮಾತ್ರ ಯಾರೂ ತಡೆದಿಲ್ಲ. ಇಂಥ ಚರ್ಚೆಗಳಲ್ಲಿ, ಹಿಂದೆ ಇಷ್ಟು ಹಕ್ಕಿಗಳಿದ್ದವು, ಇಂಥ ತಿಂಗಳಲ್ಲಿ ಕೂಗುತ್ತಿದ್ದವು ಎಂದು ಹಳೆಯ ಪುಸ್ತಕಗಳನ್ನು ಮುಂದಿಡುವುದು ಸಹಜ. ಆಗ ಕರೆಯುವ ಕ್ರಮಕ್ಕೆ ಜೋರ್ಡನ್ನನನ್ನು ಸಾಕ್ಷಿಗೆ ಕರೆಯಬಹುದು. ಹಕ್ಕಿಗಳ ಸಂಖ್ಯೆಗೂ ಕಾಲಕ್ಕೂ ಈ ಗ್ರಂಥದ ‘ನಾನು’ವನ್ನು ಕರೆಯಲಾಗದು.

ನಮ್ಮ ವಿದ್ಯಾರ್ಥಿಗಳು ಅಡಿಟಿಪ್ಪಣಿಯಲ್ಲಿ “ಮೆಕಿಲ್ಹೆನಿ ಹೇಳುತ್ತಾನೆ” ಎಂದೇ ಬರೆದು ತಂದಿದ್ದರು. ಅದನ್ನು ತಿದ್ದಿ, ಚಿತ್ರಗಳಿಗೂ ಸಾಧನಕ್ಕೂ ‘ಜೋರ್ಡನ್’ ಎಂದೂ, ಪೀಠಿಕೆಗೆ ‘ಮೆಕಿಲ್ಹೆನಿ’ ಎಂದೂ, ಮಿಕ್ಕ ಕಥನಕ್ಕೆಲ್ಲ ‘ಜೋರ್ಡನ್, ಮೆಕಿಲ್ಹೆನಿಯ ಕೈಯಿಂದ’ ಎಂದೂ ಬರೆಯುವಂತೆ ಹೇಳಿದೆವು. ಉದ್ದವಾಯಿತೆಂದು ಗೊಣಗಿದರು, ಹಾಗೆಯೇ ಬರೆದರು.